ಫೋರ್ತ್ ಸೀಟಿನ ಪ್ರಾರ್ಥನೆ

ಕೋಪರಖೈರಣೆಯ ಮಾರ್ಕೆಟ್ಟಿಗೆ ನಾನು ಹೋದದ್ದು ಕೊತ್ತಂಬರಿ ಸೊಪ್ಪು ತರಲು. ಬಂದದ್ದು ಒಂದು ಚೀಲ ಕಪ್ಪು ದ್ರಾಕ್ಷಿ ಹೊತ್ತುಕೊಂಡು. ಕೈಗಾಡಿಯವನು ಒಡೆದ ಹಣ್ಣುಗಳನ್ನು ಆರಿಸಿ ಕೆಳಗಿನ ಡಬ್ಬಕ್ಕೆ ಹಾಕುತ್ತಿದ್ದ. ಬಿಸಿಲಿಗೆ ಅವು ಸ್ವಲ್ಪ ಹುಳಿ, ಸ್ವಲ್ಪ ಬೆಲ್ಲದ ವಾಸನೆ ಬಿಡುತ್ತಿದ್ದವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಷ್ಟೋ ವರ್ಷ ಹಿಂದಕ್ಕೆ, ಠಾಣೆಯ ಕೋಪರಿಯ ಒಂದು ಅಡುಗೆಮನೆಗೆ ಹೋಗಿಬಿಟ್ಟೆ. ಕೊತ್ತಂಬರಿ ಮಾರ್ಕೆಟ್ಟಿನಲ್ಲೇ ಉಳಿಯಿತು.

"ಇಷ್ಟು ದ್ರಾಕ್ಷಿ ಯಾರು ತಿನ್ನುವುದು?" ಎಂದಳು ಹೆಂಡತಿ ಸುನೀತಾ. ಆಮೇಲೆ ನನ್ನ ಮುಖ ನೋಡಿದಳು. ಮತ್ತೇನೂ ಕೇಳದೆ ಸ್ಟೂಲು ಹತ್ತಿ ಅಟ್ಟದ ಮೇಲಿಂದ ಒಂದು ತಗ್ಗುಬಿದ್ದ ಅಲ್ಯೂಮಿನಿಯಂ ಪಾತ್ರೆ ಇಳಿಸಿದಳು. ಪಾತ್ರೆಯೊಳಗೆ ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಒಂದೇ ಒಂದು ಪುಟ್ಟ ಗ್ಲಾಸಿತ್ತು. ದಪ್ಪ ಗಾಜಿನದು, ಹೆಬ್ಬೆರಳು ಮುಳುಗುವಷ್ಟು ಮಾತ್ರ.

"ಯೇ ಕ್ಯಾ ಹೈ ಪಪ್ಪಾ? ಖಾಂಸೀ ಕೀ ದವಾ ಕಾ?" ಎಂದಳು ಮಗಳು. ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಯ್ದರಂತೂ ಇನ್ನೂ ಚೆನ್ನಾಗಿ. ಮಾತಾಡುವುದು ಮಾತ್ರ ಹಿಂದಿಯಲ್ಲಿ. ಕೆಮ್ಮಿನ ಔಷಧದ್ದಲ್ಲ ಮಗಾ, ಭಯದ ಔಷಧದ್ದು ಎಂದೆ. ಅವಳು ನಕ್ಕು ಫೋನಿಗೆ ಮರಳಿದಳು. ಹೋಗಲಿ, ನೀವಾದರೂ ಸ್ವಲ್ಪ ಕೂತು ಕೇಳಿ. ದ್ರಾಕ್ಷಿ ಬೇಯಲು ಹೇಗೂ ಹೊತ್ತು ಹಿಡಿಯುತ್ತದೆ.

ಮೊದಲು ನನ್ನ ಗಾತ್ರ ಹೇಳಬೇಕು. ಯಾರ ಮನೆಯಲ್ಲಿ ಕಪಾಟು ಸರಿಸಬೇಕಾದರೂ ಮೊದಲು ನನ್ನನ್ನೇ ಕರೆಯುತ್ತಾರೆ. ಸೊಸೈಟಿಯ ಜಗಳಗಳಲ್ಲಿ ನನ್ನನ್ನು ಸುಮ್ಮನೆ ಮುಂದೆ ನಿಲ್ಲಿಸುತ್ತಾರೆ, ಮಾತಾಡುವುದು ಬೇರೆಯವರು. ಇಂಥ ಗಂಡಸಿಗೆ ಲೋಕಲ್ ರೈಲುಗಾಡಿಯ ಭಯ ಹಿಡಿಯಿತೆಂದರೆ ಯಾರು ನಂಬುತ್ತಾರೆ? ನಾನೂ ನಂಬಿರಲಿಲ್ಲ.

ಆಗ ನಾವು ಡೊಂಬಿವಲಿ ಈಸ್ಟಿನಲ್ಲಿದ್ದೆವು. ಮದುವೆಯಾದ ಹೊಸದು. ನನ್ನ ಆಫೀಸು ಠಾಣೆಯಲ್ಲಿ. ಎಲ್ಲರ ಹಾಗೆ ಬೆಳಿಗ್ಗೆ ಫಾಸ್ಟ್ ಗಾಡಿಯ ಬಾಗಿಲಿಗೆ ಮೈಯನ್ನು ಒಪ್ಪಿಸಿಬಿಡುತ್ತಿದ್ದೆ, ಉಳಿದದ್ದನ್ನು ಹಿಂದಿನವರು ನೋಡಿಕೊಳ್ಳುತ್ತಿದ್ದರು. ಡೊಂಬಿವಲಿ ಬಿಟ್ಟರೆ ಠಾಣೆಯೇ. ನಡುವೆ ಪಾರಸಿಕ್ ಗುಡ್ಡದ ಸುರಂಗ. ಗಾಡಿ ಸುರಂಗದೊಳಗೆ ನುಗ್ಗಿದಾಗ ಬಾಗಿಲಲ್ಲಿ ನಿಂತ ಹುಡುಗರು ಕೂಗು ಹಾಕುತ್ತಾರೆ, ಕತ್ತಲೆಗೆ ಕೂಗಿದರೆ ಕತ್ತಲೆ ತಿರುಗಿ ಕೂಗುತ್ತದೆ ಎಂಬ ಖುಷಿಗೆ. ನಾನೂ ಎಷ್ಟೋ ಸಲ ಕೂಗಿದವನೇ.

ಒಂದು ಬೆಳಿಗ್ಗೆ ಗಾಡಿ ಆ ಸುರಂಗದೊಳಗೆ ನಿಂತುಬಿಟ್ಟಿತು. ದೀಪ ಆರಿತು, ಫ್ಯಾನು ನಿಂತಿತು. ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿ, ಯಾರದೋ ಟಿಫಿನ್ ಡಬ್ಬ ಬೆನ್ನಲ್ಲಿ. ಇಷ್ಟು ಜನಕ್ಕೆ ಸಾಕಾಗುವಷ್ಟು ಗಾಳಿ ಇಲ್ಲಿಲ್ಲ ಎಂಬ ಯೋಚನೆ ಎಲ್ಲಿಂದಲೋ ಬಂತು. ಅಷ್ಟೇ. ಎದೆ ಡೋಲಾಯಿತು, ಬೆರಳುಗಳು ತಣ್ಣಗಾದವು. ನಾನು ಸಾಯುತ್ತಿದ್ದೇನೆ ಎಂದು ನನಗೆ ಖಾತ್ರಿಯಾಯಿತು. ಪಕ್ಕದವನು ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದ. ನನ್ನ ಸಾವಿನ ಉದ್ದಕ್ಕೂ ಅವನು ಗೊರಕೆ ಹೊಡೆದ.

ಗಾಡಿ ಸ್ವಲ್ಪ ಹೊತ್ತಿಗೆ ಹೊರಟಿತು, ನಾನು ಸಾಯಲಿಲ್ಲ. ಆದರೆ ಮರುದಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಕಾಲು ಎದ್ದು ಬರಲಿಲ್ಲ. ಡೊಂಬಿವಲಿಯಲ್ಲಿ ಎಲ್ಲ ಕಾಯಿಲೆಯ ಮೊದಲ ಹೆಸರು ಗ್ಯಾಸ್. ಮೊದಲ ಡಾಕ್ಟರು ಅದಕ್ಕೇ ಔಷಧ ಕೊಟ್ಟರು. ಎರಡನೆಯವರು ಎದೆಯ ಇಸಿಜಿ ತೆಗೆದು, ಏನೂ ಇಲ್ಲ, ಇದು ಗಾಬರಿಯ ಕಾಯಿಲೆ, ಗುಳಿಗೆ ತಗೊಳ್ಳಿ, ನಿಧಾನಕ್ಕೆ ಗಾಡಿ ಹತ್ತಿ ಎಂದರು. ಗುಳಿಗೆಯಿಂದ ನಿದ್ದೆ ಬಂತು. ಗಾಡಿ ಹತ್ತುವುದು ಬರಲಿಲ್ಲ. ಸುರಂಗಕ್ಕೆ ಹೋಗದೆ ಗುಡ್ಡವನ್ನು ಬಳಸಿ ಹೋಗುವ ಸ್ಲೋ ಗಾಡಿಗಳೂ ಉಂಟಲ್ಲ ಎನ್ನುತ್ತೀರಿ. ಭಯಕ್ಕೆ ಸ್ಲೋ ಫಾಸ್ಟ್ ತಿಳಿಯುವುದಿಲ್ಲ. ಗಾಡಿಯ ಬಣ್ಣ ಕಂಡರೆ ಸಾಕಿತ್ತು.

ಹಾಗಾಗಿ ನಾನು ಬಸ್ಸು ಹಿಡಿದೆ. ಶಿಳ್‌ಫಾಟಾ ಸುತ್ತಿ, ಮುಂಬ್ರಾ ಸುತ್ತಿ, ಹೊಂಡದಿಂದ ಹೊಂಡಕ್ಕೆ ಹಾರಿ ಅದು ಠಾಣೆ ಮುಟ್ಟುವಾಗ ಆಫೀಸಿನಲ್ಲಿ ಎರಡನೇ ಚಹಾ ಮುಗಿದಿರುತ್ತಿತ್ತು. "ಅರೇ ಬಾಬಾ, ಡೊಂಬಿವಲೀಚೀ ಲೋಕಂ ಟ್ರೇನ್‌ನೇ ಯೇತಾತ್. ತೂ ಕಾಯ್ ಬೈಲಗಾಡೀನೇ ಯೇತೋಸ್?" ಎಂದು ನಮ್ಮ ಸಾಹೇಬರು ಕೇಳಿದರು. ನೀನೇನು ಎತ್ತಿನಗಾಡಿಯಲ್ಲಿ ಬರುತ್ತೀಯಾ ಎಂಬ ಮಾತಿಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ನನ್ನನ್ನು ಒಬ್ಬನನ್ನೇ ಕರೆದು, ಇದು ಹೀಗೇ ನಡೆದರೆ ನಾನು ಬೇರೆಯವನನ್ನು ನೋಡಬೇಕಾಗುತ್ತದೆ ಎಂದರು. ಆಗ ಯಾರೂ ನಗಲಿಲ್ಲ. ಸುನೀತಾ ಬಸುರಿ. ಗಾಡಿ ಹತ್ತಿದರೆ ಈ ಊರು, ಈ ಸಂಸಾರ. ಹತ್ತದಿದ್ದರೆ ಗಂಟುಮೂಟೆ.

ಪ್ರಾರ್ಥನೆ ಮಾಡಲಿಲ್ಲವೇ ಎಂದು ಕೇಳಿದರೆ, ಮಾಡಿದೆ. ನಾವು ಉಡುಪಿ ಕಡೆಯ ಪ್ರೊಟೆಸ್ಟೆಂಟರು, ಅಜ್ಜನ ಕಾಲದಿಂದಲೂ ಸಭೆಯ, ಎಂದರೆ ಚರ್ಚಿನ, ಗಂಟೆಗೆ ಎದ್ದವರು. ಕರ್ತನೇ, ಈ ಭಯವನ್ನು ನನ್ನಿಂದ ತೆಗೆದುಹಾಕು ಎಂದು ಸ್ನಾನ ಮಾಡುವಾಗ, ಬೂಟು ಹಾಕುವಾಗ, ಬಸ್ಸಿನ ಕಿಟಕಿಗೆ ತಲೆಯಿಟ್ಟು ಬೇಡಿಕೊಂಡೆ. ಕರ್ತನು ತೆಗೆಯಲಿಲ್ಲ. ನನಗೆ ದೇವರ ಮೇಲೆ ಸಿಟ್ಟು ಬಂದಿತ್ತು. ಆದರೆ ನಾವು ಮರ್ಯಾದಸ್ಥ ಜನ, ದೇವರ ಮೇಲಿನ ಸಿಟ್ಟನ್ನು ತೋರಿಸುವುದಿಲ್ಲ, ಹೆಂಡತಿಯ ಮೇಲೆ ತೋರಿಸುತ್ತೇವೆ.

ಡೊಂಬಿವಲಿಯ ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ಭಾನುವಾರ ಒಂದು ಶಾಲೆಯ ತರಗತಿಯಲ್ಲಿ ಕೂಡುತ್ತಿದ್ದೆವು. ಗೋಡೆಯ ಮೇಲೆ ಮರಾಠಿ ಅಕ್ಷರಮಾಲೆ, ಪುಟ್ಟ ಮಕ್ಕಳ ಬೆಂಚು. ನಾನು ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಉಡುಪಿ, ಕುಂದಾಪುರದವರು ಒಂದು ಕಡೆ, ಧಾರವಾಡ, ಗದಗಿನವರು ಇನ್ನೊಂದು ಕಡೆ. ಹಾಡು ಒಂದೇ, ಎಳೆಯುವುದು ಬೇರೆ ಬೇರೆ. ತಿಂಗಳಿಗೊಮ್ಮೆ ಕರ್ತನ ಭೋಜನ, ಎಂದರೆ ಆತನ ನೆನಪಿಗೆ ಎಲ್ಲರೂ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುವುದು. ಅದಕ್ಕೆ ಬೇಕಾದ ಪುಟ್ಟ ಗ್ಲಾಸುಗಳು ಮತ್ತು ದ್ರಾಕ್ಷಾರಸ ಠಾಣೆಯ ಕೋಪರಿಯಲ್ಲಿದ್ದ ಸಲೋಮಿ ಆಂಟಿಯ ಮನೆಯಿಂದ ಬರುತ್ತಿದ್ದವು. ತರುತ್ತಿದ್ದವರು ಗಲ್ಫಿಗೆ ಹೋದರು. ಆ ಭಾನುವಾರ ಅಯ್ಯನವರು, ಎಂದರೆ ನಮ್ಮ ಪಾಸ್ಟರು, ಟೀಚರ ಮೇಜಿನ ಹಿಂದೆ ನಿಂತು, "ನಮ್ಮ ಈ ಸಹೋದರರು ದಿನಾಲೂ ಠಾಣೆಗೆ ಹೋಗಿಬರುವವರು. ಕರ್ತನು ಈ ಸೇವೆಯನ್ನು ಅವರಿಗೆ ಇಟ್ಟಿದ್ದಾನೆ" ಎಂದುಬಿಟ್ಟರು. ಸಭೆಯೆಲ್ಲ ಆಮೆನ್ ಎಂದಿತು. ಆಮೆನ್ ಆದ ಮೇಲೆ ಎದ್ದುನಿಂತು ನಾನು ಬಸ್ಸಿನಲ್ಲಿ ಹೋಗುವವನು ಎಂದು ಯಾರಾದರೂ ಹೇಳುತ್ತಾರೆಯೇ?

ಮೊದಲ ಸಲ ನಾನು ಅದನ್ನು ಬಸ್ಸಿನಲ್ಲೇ ತಂದೆ. ಶನಿವಾರ ಮಧ್ಯಾಹ್ನ ಕೋಪರಿಗೆ ಹೋಗಿ ಆಂಟಿಯ ಬಾಗಿಲಲ್ಲೇ ಚೀಲ ಇಸಿದುಕೊಂಡು, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಶಿಳ್ ರಸ್ತೆಯ ಹೊಂಡಗಳಿಗೆ ಧರ್ಮಕರ್ಮವಿಲ್ಲ. ಒಂದು ಹೊಂಡಕ್ಕೆ ಡಬ್ಬದ ಮುಚ್ಚಳ ಹಾರಿ ರಸ ನನ್ನ ಬಿಳಿ ಅಂಗಿಗೆ ಅಭಿಷೇಕವಾಯಿತು. ಇನ್ನೊಂದಕ್ಕೆ ಗ್ಲಾಸುಗಳು ಚಟಚಟ ಎಂದವು. ಭಾನುವಾರ ಸಭೆಯಲ್ಲಿ ಒಂದೊಂದು ಗ್ಲಾಸಿನಲ್ಲಿ ಇಬ್ಬಿಬ್ಬರು ಕುಡಿಯಬೇಕಾಯಿತು. ಧಾರವಾಡದ ಯೇಸಪ್ಪ ಕಾಕಾ ನನ್ನ ಕಥೆ ಕೇಳಿ, "ಏನ್ರೀ, ಅಂಗಿಗೆ ದೀಕ್ಷಾಸ್ನಾನ ಮಾಡ್ಸಿಕೊಂಡು ಬಂದೀರಲ್ಲ!" ಎಂದು ಎಲ್ಲರೆದುರು ನಕ್ಕರು.

ಸೋಮವಾರ ಆಫೀಸು ಮುಗಿಸಿ ಒಡಕು ಗ್ಲಾಸುಗಳನ್ನು ಹಿಡಿದು ಕೋಪರಿಗೆ ಹೋದೆ. ಸಲೋಮಿ ಆಂಟಿಯ ಮನೆ ಸ್ಟೇಷನ್ನಿಗೆ ಎಷ್ಟು ಹತ್ತಿರವೆಂದರೆ ಪ್ಲಾಟ್‌ಫಾರ್ಮಿನ ಅನೌನ್ಸ್‌ಮೆಂಟ್ ಅವರ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಗಾಡಿ ಬಂದರೆ ಸಾಲಾಗಿ ಇಟ್ಟ ಸ್ಟೀಲ್ ಲೋಟಗಳು ನಡುಗುತ್ತಿದ್ದವು. ಒಬ್ಬರೇ ಇದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಸಣ್ಣ ಮೈ, ದೊಡ್ಡ ದನಿ. ಮೀನಿನವಳ ಹತ್ತಿರ ಮಾತಾಡುವ ದನಿಯಲ್ಲೇ ದೇವರ ಹತ್ತಿರವೂ ಮಾತಾಡುತ್ತಿದ್ದರು. ಅಯ್ಯನವರ ಪ್ರಾರ್ಥನೆ ಗ್ರಾಂಥಿಕ ಕನ್ನಡದಲ್ಲಿ ಗಂಭೀರವಾಗಿ ಏರುತ್ತಿದ್ದರೆ, ಆಂಟಿಯದು "ನೋಡಿ ಸ್ವಾಮೀ, ನಿನ್ನೆ ಹೇಳಿದ್ದು ಎಂತ ಆಯ್ತು?" ಎಂದು ಶುರುವಾಗುತ್ತಿತ್ತು.

"ಬಸ್ಸಲ್ಲಿ ತಂದದ್ದಾ?" ಎಂದರು. "ಸ್ಟೇಷನ್ ನನ್ನ ಬಾಗಿಲಲ್ಲೇ ಉಂಟಲ್ಲ ಮಾರಾಯ. ಬಸ್ಸು ಯಾಕೆ?"

"ಮೆಗಾಬ್ಲಾಕ್ ಇತ್ತು ಆಂಟಿ" ಎಂದೆ.

"ಶನಿವಾರ ಎಂತ ಮೆಗಾಬ್ಲಾಕ್?"

ಹಳಿ ರಿಪೇರಿಯ ಬ್ಲಾಕ್ ಇರುವುದು ಭಾನುವಾರ ಎಂಬುದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಗಾಬರಿಯಲ್ಲಿ ಸುಳ್ಳನ್ನೂ ಸರಿಯಾಗಿ ಹೇಳಲಾಗುವುದಿಲ್ಲ. ಎಲ್ಲವನ್ನೂ ಹೇಳಿದೆ. ಸುರಂಗ, ಪ್ಲಾಟ್‌ಫಾರ್ಮು, ಸಾಹೇಬರು, ಸುನೀತಾ. ಆಂಟಿ ಒಡಕು ಗಾಜನ್ನು ಪೇಪರಿನಲ್ಲಿ ಸುತ್ತುತ್ತಾ ಕೇಳಿದರು. ನಿನಗೆ ವಿಶ್ವಾಸ ಸಾಲದು ಎನ್ನುತ್ತಾರೆಂದು ನಾನು ಕುತ್ತಿಗೆ ಬಗ್ಗಿಸಿ ಕಾಯುತ್ತಿದ್ದೆ. ಅವರು ಅದನ್ನು ಹೇಳಲಿಲ್ಲ.

"ಪ್ರಾರ್ಥನೆಯಲ್ಲಿ ಎಂತ ಕೇಳ್ತೀ?"

"ಭಯ ತೆಗೆದುಹಾಕು ಅಂತ."

"ತೆಗೀಲಿಲ್ಲ ಅಲ್ವಾ? ಹಾಗಾದ್ರೆ ಬೇರೆ ಎಂತಾದ್ರೂ ಕೇಳು. ಒಂದೇ ಅರ್ಜಿ ಎಷ್ಟು ಸಲ ಕೊಡ್ತೀ?" ಎಂದು ಕೈ ಒರೆಸಿಕೊಂಡರು. "ಇಲ್ಲಿ ಕೇಳು. ನೀನು ಗಾಡಿ ಹತ್ತುವ ಮೊದ್ಲೇ ತಂದೆ, ಮಗ, ಪವಿತ್ರಾತ್ಮ ಹತ್ತಿ ಕೂತಾಗಿದೆ. ಮೂರು ಸೀಟು ಅವರದ್ದು. ನೀನು ಹೋಗಿ ಎಂತ ಮಾಡ್ಬೇಕು?"

"ಎಂತ ಮಾಡ್ಬೇಕು?"

"ಡೊಂಬಿವಲಿಯವ ಆಗಿ ನನ್ನನ್ನು ಕೇಳ್ತೀಯಲ್ಲ! ಸ್ವಲ್ಪ ಸರೀರಿ ಅನ್ಬೇಕು. ಫೋರ್ತ್ ಸೀಟ್ ಕೇಳ್ಬೇಕು. ಯಾರಾದ್ರೂ ಇಲ್ಲ ಅಂತಾರಾ?"

ನೀವು ಈ ಕಡೆಯವರಲ್ಲದಿದ್ದರೆ ಫೋರ್ತ್ ಸೀಟ್ ಎಂದರೇನೆಂದು ಹೇಳಬೇಕು. ಲೋಕಲ್ ಗಾಡಿಯ ಬೆಂಚು ಮೂವರಿಗೆ ಮಾಡಿದ್ದು. ಆದರೆ ನಾಲ್ಕನೆಯವನು ಬಂದು ಸ್ವಲ್ಪ ಸರಿಯಿರಿ ಎಂದರೆ ಮೂವರೂ ಸರಿಯಬೇಕು. ಇದು ಎಲ್ಲೂ ಬರೆದಿಲ್ಲದ ಕಾನೂನು. ಸಿಗುವುದು ಅರ್ಧ ಸೀಟು, ಒಂದು ಕಾಲು ನಡುದಾರಿಯಲ್ಲೇ. ಆದರೂ ಅದು ಸೀಟು. ಕೂತವರು ಗೊಣಗಬಹುದು, ಸರಿಯದೆ ಇರುವುದಿಲ್ಲ. ಈ ಊರಿನಲ್ಲಿ ನಾನು ಕಂಡ ದೊಡ್ಡ ಧರ್ಮ ಇದೇ.

"ಮತ್ತೆ ಭಯ?" ಎಂದು ಕೇಳಿದೆ.

"ಅದೂ ಬರ್ಲಿ. ನಿಂತ್ಕೊಂಡು ಬರ್ಲಿ. ಹತ್ತಿದವರನ್ನೆಲ್ಲ ಇಳಿಸ್ಲಿಕ್ಕೆ ನೀನೇನು ಟಿ.ಸಿ.ಯಾ? ಮತ್ತೆ ಡಾಕ್ಟ್ರ ಗುಳಿಗೆ ಬಿಡ್ಬೇಡ. ದೇವರಿಗೆ ಗುಳಿಗೆ ಮೇಲೆ ಹೊಟ್ಟೆಕಿಚ್ಚಿಲ್ಲ."

ಆಮೇಲೆ ಆಂಟಿ ಕಪಾಟಿನಲ್ಲಿ ಹೆಚ್ಚಿಗೆ ಇಟ್ಟಿದ್ದ ಗ್ಲಾಸುಗಳನ್ನು ತೆಗೆದು ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟು ನನ್ನ ಕೈಗೆ ಕೊಟ್ಟರು. ಮುಂದಿನ ತಿಂಗಳತನಕ ನಿನ್ನ ಮನೆಯಲ್ಲಿರಲಿ, ಈಗಲೇ ತೆಗೊಂಡು ಹೋಗು, ಗಾಡಿಯಲ್ಲಿ, ಮುಟ್ಟಿದ ಕೂಡಲೇ ಫೋನ್ ಮಾಡು ಎಂದರು. ಲೋಟಗಳು ನಡುಗಿದವು. ಆಂಟಿ ಕಿವಿಗೊಟ್ಟು, "ಇದು ಫಾಸ್ಟ್, ಬಿಡು. ಇದರ ಹಿಂದೆ ಸ್ಲೋ ಉಂಟು, ಹೋಗು" ಎಂದರು. ದಿನಾ ಗಾಡಿಯಲ್ಲೇ ಓಡಾಡುವ ಹೆಂಗಸು, ಇವರಿಗೇನು ಗೊತ್ತು ನನ್ನ ಕಷ್ಟ ಎಂದುಕೊಂಡು ಮೆಟ್ಟಿಲಿಳಿದೆ.

ಸಂಜೆಯ ಠಾಣೆ ಸ್ಟೇಷನ್ನನ್ನು ವರ್ಣಿಸಲು ಹೋಗುವುದಿಲ್ಲ. ಸ್ಲೋ ಬಂತು, ಹತ್ತಲಿಲ್ಲ. ಇನ್ನೊಂದು ಬಂತು. ಹಿಂದಿನಿಂದ ಬಂದ ಜನ ನನ್ನನ್ನೂ ಚೀಲವನ್ನೂ ಎತ್ತಿ ಒಳಗೆ ಹಾಕಿತು. ಗಾಡಿ ಹೊರಟಿತು, ಮುಂದಿನ ಸ್ಟೇಷನ್ ಕಳವಾ ಬರುವ ಮೊದಲೇ ಭಯ ಬಂತು. ಅದೇ ಡೋಲು, ಅದೇ ತಣ್ಣನೆಯ ಬೆರಳು. ಎದೆ ಹಿಡಿದುಕೊಳ್ಳೋಣವೆಂದರೆ ಕೈಯಲ್ಲಿ ಚೀಲ. ಬಿಟ್ಟರೆ ಸಭೆಯ ಗ್ಲಾಸು ಚೂರು. ಗಾಡಿ ಅಲುಗಿದ ಹಾಗೆ ಟವೆಲಿನೊಳಗೆ ಅವು ಮೆಲ್ಲಗೆ ಕಿಣಿಕಿಣಿ ಎನ್ನುತ್ತಿದ್ದವು. ನಾನು ಕಣ್ಣು ಮುಚ್ಚಿ, ನಾಚಿಕೆಯಾದರೂ, ಹೇಳಿದೆ: ಸ್ವಲ್ಪ ಸರಿದು ಕೂತ್ಕೊಳ್ಳಿ ಕರ್ತನೇ, ನನಗೆ ಜಾಗ ಬೇಕು.

"ಕಾಯ್ ಆಹೇ ತ್ಯಾತ್? ಕಾಚ್?" ಎಂದು ಯಾರೋ ಕೇಳಿದರು. ಕಣ್ಣು ಬಿಟ್ಟರೆ ಮೊಣಕಾಲ ಮೇಲೆ ಬ್ರೀಫ್‌ಕೇಸಿಟ್ಟು ಇಸ್ಪೀಟು ಆಡುತ್ತಿದ್ದ ಒಬ್ಬ ಮೀಸೆಯವರು. ಗಾಜೇ, ಚರ್ಚಿನ ಗ್ಲಾಸು ಎಂದೆ. ಅವರು ಎಲೆ ಮಡಚಿ ಪಕ್ಕದವರಿಗೆ, "ಏ, ಸರಕಾ ರೇ ಜರಾ, ದೇವಾಚಂ ಸಾಮಾನ್ ಆಹೇ" ಎಂದರು. ದೇವರ ಸಾಮಾನಿಗೆ ಮೂವರೂ ಸರಿದರು. ನನ್ನಂಥ ಗಾತ್ರದವನಿಗೆ ಅಲ್ಲಿ ಕಾಲು ಭಾಗ ಸೀಟು ಸಿಕ್ಕಿತು. ಕೂತೆ. ಭಯ ಹೋಗಲಿಲ್ಲ. ಡೊಂಬಿವಲಿ ಬರುವವರೆಗೂ ಅದು ನನ್ನ ಎದುರೇ ನಿಂತಿತ್ತು, ಆದರೆ ಆಂಟಿ ಹೇಳಿದ ಹಾಗೆ ನಿಂತೇ ಇತ್ತು. ನಾನು ಕೂತಿದ್ದೆ. 'ಮುಟ್ಟಿದೆ' ಎಂದು ಫೋನ್ ಮಾಡಿದರೆ ಆ ಕಡೆ ಆಂಟಿಯ ದೊಡ್ಡ ದನಿ ಸಣ್ಣಗಾಗಿತ್ತು. "ಸರಿ, ಇಡು" ಎಂದು ಇಟ್ಟುಬಿಟ್ಟರು.

ಮಂಗಳವಾರ ಬೆಳಿಗ್ಗೆ ಮತ್ತೆ ಸ್ಲೋ ಗಾಡಿ ಹತ್ತಿದೆ, ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಗ್ಲಾಸು ಇಟ್ಟುಕೊಂಡು. ನಗಬೇಡಿ. ಭಯ ಬಂದಾಗಲೆಲ್ಲ ಅದೇ ಅರ್ಧ ಸೀಟಿನ ಪ್ರಾರ್ಥನೆ. ಕೆಲವು ದಿನ ಗೆದ್ದೆ, ಕೆಲವು ದಿನ ಮುಂಬ್ರಾದಲ್ಲಿ ಇಳಿದು ಬೆಂಚಿನಲ್ಲಿ ಕೂತು ಬೆವರೊರೆಸಿ ಮುಂದಿನ ಗಾಡಿ ಹತ್ತಿದೆ. ಆದರೂ ಸಮಯಕ್ಕೆ ಆಫೀಸು ಮುಟ್ಟತೊಡಗಿದೆ. ಎತ್ತಿನಗಾಡಿ ಮಾರಿದೆಯಾ ಎಂದು ಸಾಹೇಬರು ಕೇಳಿದರು. ಕೆಲಸ ಉಳಿಯಿತು. ಫಾಸ್ಟ್ ಗಾಡಿಯ ಸುದ್ದಿಗೆ ಮಾತ್ರ ಹೋಗಲಿಲ್ಲ. ಸುರಂಗ ಸುರಂಗದ ಪಾಡಿಗಿರಲಿ, ನಾನು ನನ್ನ ಪಾಡಿಗೆ.

ತಿಂಗಳಿಗೊಮ್ಮೆ ಕೋಪರಿಯ ಅಡುಗೆಮನೆ ಖಾಯಮಾಯಿತು. ಈ ಅಲ್ಯೂಮಿನಿಯಂ ಪಾತ್ರೆಯಲ್ಲಿ ದ್ರಾಕ್ಷಿ ಕುದಿಯುತ್ತಿರುತ್ತಿತ್ತು. ಆಂಟಿ ಅದಕ್ಕೊಂದು ಚೂರು ದಾಲ್ಚಿನ್ನಿ ಹಾಕುತ್ತಿದ್ದರು, ಯೇಸಪ್ಪ ಕಾಕಾ ಸಭೆಯಲ್ಲಿ ಪ್ರತಿ ಸಲವೂ "ಕಷಾಯ ಆಗೇತ್ರಿ" ಎನ್ನುತ್ತಿದ್ದರು. ಹಿಂಡಿದ ಸಿಪ್ಪೆಗೆ ಬೆಲ್ಲ ಹಾಕಿ ನನಗೆ ಒಂದು ತಟ್ಟೆ. ತಿನ್ನುತ್ತಿದ್ದರೆ ಪ್ರಶ್ನೆಗಳು: ಎಲ್ಲರಿಗೂ ಸಾಕಾಯ್ತಾ? ಮೇಜಿಗೆ ಬಿಳಿ ಬಟ್ಟೆ ಹಾಸಿದ್ರಾ? ಗ್ಲಾಸು ಬೆಳಕಿಗೆ ಹೊಳೀತದಾ? ನೀವೇ ಒಮ್ಮೆ ಬಂದು ನೋಡಿ ಎಂದರೆ ಮಾತ್ರ ಮೊಣಕಾಲು ನೋವು, ಭಾನುವಾರ ಮೀನಿನವಳು ಬರುತ್ತಾಳೆ, ರವಿಕೆ ಕೊಡುವುದುಂಟು. ನಾನೂ ಹೆಚ್ಚು ಯೋಚಿಸಲಿಲ್ಲ.

ಮಗಳು ಹುಟ್ಟಿದಳು. ಅವಳ ದೀಕ್ಷಾಸ್ನಾನಕ್ಕೆ ಆಂಟಿ ಬರಲೇಬೇಕು, ಮಗುವನ್ನು ಎತ್ತಿಕೊಂಡು ನಿಲ್ಲಬೇಕು ಎಂದು ಸುನೀತಾ ಹಟ ಹಿಡಿದಳು. ಹೇಳಲು ಹೋದೆ. ಆಂಟಿ ಮೊಣಕಾಲಿನಿಂದ ಶುರುಮಾಡಿದರು, ಮೀನಿನವಳವರೆಗೆ ಬಂದು ಅಲ್ಲೇ ನಿಂತರು. ಹೊರಗೆ ಗಾಡಿಯೊಂದು ಹೋಯಿತು. ನಡುಗಿದ ಲೋಟಗಳನ್ನು ಅವರು ಒಂದೊಂದಾಗಿ ಸರಿಮಾಡಿಟ್ಟರು.

"ನಾನು ಗಾಡಿ ಹತ್ತದೆ ಎಷ್ಟೋ ವರ್ಷ ಆಯ್ತು ಮಗಾ" ಎಂದರು. ಅವರ ಗಂಡ ದಾದರಿನ ಒಂದು ಹೋಟೆಲಿನ ಗಲ್ಲಾದಲ್ಲಿದ್ದರು. ಒಂದು ಸಂಜೆ ತುಂಬಿದ ಗಾಡಿಯ ಬಾಗಿಲಿಂದ ಕೈಜಾರಿ ಬಿದ್ದವರು ಮನೆಗೆ ಬರಲಿಲ್ಲ. "ಅವರು ಬರುವ ಗಾಡಿಯ ಶಬ್ದ ಕೇಳಿ ನಾನು ಅಕ್ಕಿ ಇಡ್ತಿದ್ದೆ. ಅವತ್ತೂ ಇಟ್ಟಿದ್ದೆ. ಅವತ್ತಿಂದ ಶಬ್ದ ಕೇಳ್ತೇನೆ, ಹತ್ತುವುದಿಲ್ಲ."

ನಾನು ಸಿಪ್ಪೆಯ ತಟ್ಟೆ ಕೆಳಗಿಟ್ಟೆ. "ಮತ್ತೆ ನನಗೆ ಹೇಳಿದ್ದು? ಫೋರ್ತ್ ಸೀಟು?"

"ಅದು ಅವರ ಜೊತೆ ಓಡಾಡುವಾಗ ನೋಡಿದ್ದು. ನನ್ನನ್ನು ಒಳಗೆ ಕೂರಿಸಿ ಅವರು ಯಾವಾಗ್ಲೂ ಫೋರ್ತ್ ಸೀಟಲ್ಲೇ. ದೇವರನ್ನೂ ಹಾಗೇ ಕೇಳ್ಬಹುದು ಅಂತ ನಂಬಿ ಹೇಳಿದೆ. ನನಗೇ ಕೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಅವತ್ತು ನೀನು ಮುಟ್ಟಿದೆ ಅಂತ ಫೋನ್ ಮಾಡಿದಿಯಲ್ಲ, ಇಲ್ಲೇ ನೆಲದಲ್ಲಿ ಕೂತು ಅತ್ತುಬಿಟ್ಟೆ."

ತಾನು ಹತ್ತಲಾರದ ಗಾಡಿಗೆ ನನ್ನನ್ನು ಹತ್ತಿಸಿದ ಈ ಹೆಂಗಸಿನ ಮೇಲೆ ಸಿಟ್ಟು ಬರಬೇಕಿತ್ತೋ ಏನೋ. ನನಗೆ ಬಂದದ್ದು ಅಳು. ಭಯವಿಲ್ಲದವರು ಕೊಟ್ಟ ಧೈರ್ಯವಾಗಿದ್ದರೆ ಅದು ನನ್ನ ಕೈಯಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ನಾನು ಹೇಳಿದ್ದು ಇಷ್ಟೇ: "ಭಾನುವಾರ ನಾನೇ ಬರ್ತೇನೆ ಕರ್ಕೊಂಡು ಹೋಗ್ಲಿಕ್ಕೆ. ಗ್ಲಾಸಿನ ಚೀಲ ನೀವು ಹಿಡ್ಕೊಳ್ಳಿ."

ಭಾನುವಾರ ಆಂಟಿ ಬಿಳಿ ಸೀರೆ ಉಟ್ಟು, ಮುಖಕ್ಕೆ ಪೌಡರು ಹಚ್ಚಿ, ಚೀಲವನ್ನು ಎದೆಗವಚಿ ಬಂದರು. ಸ್ಟೇಷನ್ನಿನ ಮೆಟ್ಟಿಲು ಹತ್ತಿದ್ದೇ ತಡ, ಅನೌನ್ಸ್‌ಮೆಂಟ್: ನಾನು ಬೆಳಿಗ್ಗೆ ಬಂದ ಮೇಲೆ ಶುರುವಾದ ಮೆಗಾಬ್ಲಾಕ್. ಸ್ಲೋ ಗಾಡಿಗಳೆಲ್ಲ ಇಂದು ಫಾಸ್ಟ್ ಹಳಿಯ ಮೇಲೆ. ಎಂದರೆ ಸುರಂಗದೊಳಗಿಂದ. ಶನಿವಾರಕ್ಕೆ ನಾನು ಹೇಳಿದ ಸುಳ್ಳು ಭಾನುವಾರದ ಸತ್ಯವಾಗಿ ತಿರುಗಿ ಬಂದಿತ್ತು. ಅಲ್ಲಿ ಡೊಂಬಿವಲಿಯಲ್ಲಿ ಮಗು, ಸುನೀತಾ, ಅಯ್ಯನವರು, ಸಭೆಯೆಲ್ಲ ಕಾಯುತ್ತಿದೆ. ಇಲ್ಲಿ ನಮ್ಮಿಬ್ಬರ ಕಾಲೂ ಪ್ಲಾಟ್‌ಫಾರ್ಮಿಗೆ ಅಂಟಿಕೊಂಡಿದೆ. ಒಂದು ಗಾಡಿ ಹೋಯಿತು. ಮತ್ತೊಂದು ಹೋಯಿತು.

"ಆಂಟಿ, ಇವತ್ತು ಸುರಂಗ" ಎಂದೆ.

"ನಿನಗೆ ಭಯ ಉಂಟಾ?"

"ಉಂಟು."

"ನನಗೂ" ಎಂದರು. ಮುಂದಿನ ಗಾಡಿ ನಿಂತಾಗ ನನ್ನ ಮಣಿಕಟ್ಟು ಹಿಡಿದು, "ಬಾ" ಎಂದರು.

ಬ್ಲಾಕಿನ ದಿನದ ಜಂಗುಳಿ. ಬಿಳಿ ಸೀರೆಯ ಅಜ್ಜಿಯನ್ನು ಕಂಡು ಒಬ್ಬ ಯುವಕ ಒಳಗೆ ಸರಿದು ತುದಿಯಲ್ಲಿ ಜಾಗ ಮಾಡಿದ. ಪೂರ್ತಿ ಸೀಟೇ ಕೊಡಲು ಕಿಟಕಿಯವನು ಏಳುತ್ತಿದ್ದ. ಆಂಟಿ ಬೇಡವೆಂದು ಕೈಯಾಡಿಸಿ, "ಇದು ನಮ್ಮವರ ಸೀಟು, ಇದೇ ಸಾಕು" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ ಕೂತರು. ಗಾಡಿ ಕಳವಾ ದಾಟಿತು. ಕತ್ತಲೆ ಬಂತು. ಬಾಗಿಲಿನ ಹುಡುಗರು ಕೂಗಿದರು. ಆಂಟಿಯ ಉಗುರು ನನ್ನ ಮಣಿಕಟ್ಟಿಗೆ ನಾಟಿತು, ನನ್ನ ಎದೆಯ ಡೋಲು ಶುರುವಾಯಿತು, ಚೀಲದೊಳಗೆ ಗ್ಲಾಸುಗಳು ಕಿಣಿಕಿಣಿ ಎಂದವು. ಆಗ ಆಂಟಿ ಕಣ್ಣು ಮುಚ್ಚಿ, ಮೀನಿನವಳನ್ನು ಕರೆಯುವ ಅದೇ ದನಿಯಲ್ಲಿ, ಇಡೀ ಬೋಗಿಗೆ ಕೇಳುವ ಹಾಗೆ, "ಸ್ವಾಮೀ, ಸ್ವಲ್ಪ ಸರೀರಿ! ನಾವು ಇಬ್ಬರಿದ್ದೇವೆ!" ಎಂದು ಕೂಗಿದರು.

ಪಕ್ಕದ ಯುವಕ ಬೆಚ್ಚಿಬಿದ್ದ. ಕನ್ನಡ ಬಾರದಿದ್ದರೂ ಆ ದನಿಯ ಅರ್ಥ ಆಗದೆ ಇರುತ್ತದೆಯೇ? "ಔರ್ ಕಿತನಾ ಸರ್ಕೂಂ ಮಾಂಜೀ?" ಎಂದ ಪಾಪ, ಇನ್ನೆಷ್ಟು ಸರಿಯಲಿ ಎಂದು. ನನಗೆ ನಗು ತಡೆಯಲಾಗಲಿಲ್ಲ. ಆಂಟಿ ಕಣ್ಣು ಬಿಟ್ಟು ಅವನನ್ನು ನೋಡಿ ತಾವೂ ನಗತೊಡಗಿದರು. ಕಣ್ಣಲ್ಲಿ ನೀರು, ಪೌಡರಿನ ಮೇಲೆ ಗೆರೆ, ನಗು. ಬೆಳಕು ಬಂದಾಗಲೂ ನಾವು ನಗುತ್ತಲೇ ಇದ್ದೆವು. ಸುರಂಗ ಯಾವಾಗ ಮುಗಿಯಿತೆಂದು ನಾನು ನೋಡಲೇ ಇಲ್ಲ.

ಮಗಳು ಅಂದು ಆಂಟಿಯ ತೋಳಿನಲ್ಲೇ ದೀಕ್ಷಾಸ್ನಾನ ಪಡೆದಳು, ಕಿರುಚಿ ಶಾಲೆ ಎಬ್ಬಿಸಿದಳು. ಆಮೇಲೆ ಭೋಜನ. ಟೀಚರ ಮೇಜಿಗೆ ಬಿಳಿ ಬಟ್ಟೆ. ಅದರ ಮೇಲೆ ಸಾಲಾಗಿ ಗ್ಲಾಸುಗಳು, ಕಿಟಕಿಯ ಬಿಸಿಲಿಗೆ ಒಂದೊಂದೂ ಕೆಂಪಗೆ ಹೊಳೆಯುತ್ತಿದ್ದವು. ವರ್ಷಾನುಗಟ್ಟಲೆ ತೊಳೆದು ಒರೆಸಿ ಕಳಿಸಿದ ಗ್ಲಾಸುಗಳನ್ನು ಆಂಟಿ ಮೇಜಿನ ಮೇಲೆ ಕಂಡದ್ದು ಅದೇ ಮೊದಲು. ಮಕ್ಕಳ ಬೆಂಚಿನಲ್ಲಿ ಕೂತು ಅವರು ಆ ಸಾಲನ್ನು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊರಗೆ ಬಂದಾಗ ಯೇಸಪ್ಪ ಕಾಕಾ, "ಕಷಾಯ ಚಲೋ ಆಗಿತ್ತವ್ವ" ಎಂದರು.

ಆಮೇಲೆ ಮೊಣಕಾಲು ನಿಜಕ್ಕೂ ಕೈಕೊಡುವವರೆಗೆ ಅವರು ತಿಂಗಳು ತಿಂಗಳೂ ಬಂದರು. ನನ್ನ ಆಫೀಸು ವಾಶಿಗೆ ಹೋಯಿತು, ನಾವು ಕೋಪರಖೈರಣೆಗೆ ಬಂದೆವು. ಕೋಪರಿಗೆ ಹೋಗುವುದು ಕಡಿಮೆಯಾಯಿತು. ಒಂದು ಬೇಸಗೆಯಲ್ಲಿ ಆಂಟಿ ನಿದ್ದೆಯಲ್ಲೇ ಹೋದರು. ಪಾತ್ರೆಯನ್ನೂ ಒಡೆಯದೆ ಉಳಿದ, ಹಿಂದೆ ನನ್ನ ಜೇಬಿನಲ್ಲಿದ್ದ ಒಂದು ಗ್ಲಾಸನ್ನೂ ಅವರ ತಂಗಿಯ ಮಗಳು ನನಗೆ ತಂದುಕೊಟ್ಟಳು. ಡೊಂಬಿವಲಿ ಸಭೆ ಈಗ ಬಾಟಲಿಯ ರಸ, ಪ್ಲಾಸ್ಟಿಕ್ ಕಪ್ಪಿಗೆ ಬಂದಿದೆ. ಯಾರನ್ನೂ ದೂರುವುದಿಲ್ಲ, ಗಾಜು ತೊಳೆಯುವವರು ಯಾರಿದ್ದಾರೆ? ಪಾತ್ರೆ ಅಟ್ಟ ಸೇರಿತು. ಭಯ ಈಗಲೂ ಅಪರೂಪಕ್ಕೆ ಬರುತ್ತದೆ, ಊರಿನ ಹಳೆ ನೆಂಟನ ಹಾಗೆ ಹೇಳದೆ ಕೇಳದೆ. ಬಂದರೆ ನಿಂತುಕೊಂಡಿರುತ್ತದೆ, ಹೋಗುತ್ತದೆ. ಹೋಗದೆ ಉಳಿದದ್ದು ಆಂಟಿಯ ನೆನಪು. ಅವರ ಬೈಗುಳ ಬೇಕು, ಬೆಲ್ಲ ಹಾಕಿದ ಸಿಪ್ಪೆ ಬೇಕು, ಮುಟ್ಟಿದೆ ಎಂದು ಹೇಳಲು ಆ ಕಡೆ ಫೋನಿನಲ್ಲಿ ಒಬ್ಬರು ಬೇಕು. ಠಾಣೆ ಸ್ಟೇಷನ್ನಿನಲ್ಲಿ ಇಳಿದಾಗಲೆಲ್ಲ ಕೋಪರಿ ಇರುವ ಈಸ್ಟಿನ ಕಡೆ ನೋಡದೆ ದಾಟಿಬಿಡುತ್ತೇನೆ.

ದ್ರಾಕ್ಷಿ ಬೆಂದಿತು. ಸುನೀತಾ ಬಟ್ಟೆಯಲ್ಲಿ ಹಿಂಡಿದಳು, ನಾನು ದಾಲ್ಚಿನ್ನಿ ಹಾಕಿದೆ, ಮಗಳು ಸಿಪ್ಪೆಗೆ ಬೆಲ್ಲ ಕಲಸಿ ತಿಂದು "ಮಸ್ತ್ ಹೈ" ಎಂದಳು. ಅಯ್ಯನವರಿಗೆ ಫೋನ್ ಮಾಡಿ, ಈ ಭಾನುವಾರ ಬಾಟಲಿ ತೆಗೆಯಬೇಡಿ, ನಾನು ತರುತ್ತೇನೆ ಎಂದೆ.

ಇವತ್ತು ಬೆಳಿಗ್ಗೆ ಸುನೀತಾ, ಮಗಳು ಇಬ್ಬರೂ ಮುಂದಿನ ಗಾಡಿಗೆ ಬರುತ್ತೇವೆಂದರು, ನಾನು ಡಬ್ಬದ ಚೀಲ ಹಿಡಿದು ಮೊದಲೇ ಹೊರಟೆ. ಪುಟ್ಟ ಗ್ಲಾಸು ಜೇಬಿನಲ್ಲಿ. ಭಾನುವಾರ ಬೆಳಗಿನ ಠಾಣೆ ಲೋಕಲ್ ಹೆಚ್ಚುಕಡಿಮೆ ಖಾಲಿ. ಚೀಲವನ್ನು ತೊಡೆಯ ಮೇಲಿಟ್ಟು ಕೂತೆ, ಕೋಪರಿಯ ಆ ಬಾಗಿಲ ಮುಂದೆ ಇವತ್ತು ಒಮ್ಮೆ ನಿಂತು ಹೋಗಬೇಕು ಎಂದುಕೊಂಡೆ. ಘಣಸೋಲಿಯಲ್ಲಿ ಒಬ್ಬ ಹುಡುಗ ಹತ್ತಿದ. ಬೆನ್ನಿಗೆ ಬ್ಯಾಗು. ನನ್ನ ಬೆಂಚಿನ ಹತ್ತಿರ ಬಂದು, ನನ್ನನ್ನೂ ಬೆಂಚನ್ನೂ ವಿಚಿತ್ರವಾಗಿ ನೋಡಿ, "ಅಂಕಲ್, ಇಧರ್ ಕೋಯಿ ಬೈಠಾ ಹೈ ಕ್ಯಾ?" ಎಂದ, ಇಲ್ಲಿ ಯಾರಾದರೂ ಕೂತಿದ್ದಾರಾ ಎಂದು.

ಆಗ ನೋಡಿಕೊಂಡೆ. ಇಡೀ ಬೆಂಚು ಖಾಲಿಯಿದೆ. ನಾನು ತುದಿಯಲ್ಲಿ ಅರ್ಧಕ್ಕೆ ಕೂತು, ಒಂದು ಕಾಲನ್ನು ನಡುದಾರಿಗೆ ಚಾಚಿ, ಮೂರು ಸೀಟು ಬಿಟ್ಟುಕೊಟ್ಟಿದ್ದೇನೆ.

"ಹಾಂ, ಬೈಠೇ ಹೈಂ" ಎಂದೆ. ಹುಡುಗನ ಮುಖ ಸಣ್ಣದಾಯಿತು. "ಲೇಕಿನ್ ತುಮ್ ಬೈಠೋ ಬೇಟಾ. ವೋ ಸರ್ಕ್ ಜಾಯೇಂಗೇ."

ಅವರು ಸರಿಯುತ್ತಾರೆ, ನೀನು ಕೂರು ಎಂದದ್ದನ್ನು ಕೇಳಿ ಅವನು ಖಾಲಿ ಸೀಟನ್ನು ಇನ್ನೊಮ್ಮೆ ನೋಡಿದ. ಆಮೇಲೆ, ಯಾರದೋ ಕಾಲು ತುಳಿಯಬಾರದೆಂಬ ಹಾಗೆ ಮೆಲ್ಲಗೆ ದಾಟಿ, ಕಿಟಕಿಯ ಪಕ್ಕ ಹೋಗಿ ಕೂತ. ನಾನು ಠಾಣೆಯವರೆಗೂ ಫೋರ್ತ್ ಸೀಟಿನಲ್ಲೇ ಹೋದೆ.